ಟವಲಿನ ಕೆಳಗೆ ಒಂದು ಅಡ್ಮಿಶನ್

ಅಮೃತಬಾಯಿಯ ಮನೆಯ ಗೋಡೆಯ ಮೇಲೆ ಮೂರು ಗಡಿಯಾರಗಳಿದ್ದವು, ಮೂರೂ ಬೇರೆ ಬೇರೆ ಹೊತ್ತು ತೋರಿಸುತ್ತಿದ್ದವು. ಮೊದಲನೆಯದು ನಾರಾಯಣಖೇಡದ ಕಾಲೇಜಿನವರು ಕೊಟ್ಟದ್ದು, ಎರಡನೆಯದು ತಾಂಡೂರಿನವರದು, ಮೂರನೆಯದನ್ನು ಯಾರು ಕೊಟ್ಟು ಹೋದರೆಂದು ಅವಳಿಗೇ ನೆನಪಿರಲಿಲ್ಲ. ಮಗಳು ಮನಿಷಾ ಇಂಟರ್, ಅಂದರೆ ಹನ್ನೆರಡನೆಯ ತರಗತಿ, ಪಾಸಾಗಿ ಒಂದು ತಿಂಗಳಾಗಿತ್ತು, ಅಷ್ಟೆ. ಅಷ್ಟರಲ್ಲಿ ಮೊಗುಡಂಪಲ್ಲಿ ಹತ್ತಿರದ ಆ ಸಣ್ಣ ಊರಿನ ಸಣ್ಣ ಮನೆಗೆ ಗಡಿಯಾರಗಳ ಜೊತೆ ಎರಡು ಬ್ಯಾಗು, ಒಂದು ಕೊಡೆ, ಐದು ನೀರಿನ ಬಾಟಲಿ, ಒಂದು ಊಟದ ಡಬ್ಬಿ ಬಂದು ಬಿದ್ದಿದ್ದವು. ಬಂದವರಿಗೆಲ್ಲ ಅಮೃತಬಾಯಿ ಚಹಾ ಕೊಟ್ಟು, ನಮ್ಮ ಹುಡುಗಿ ನಿಮ್ಮ ಕಾಲೇಜಿಗೇ ಬರುತ್ತಾಳೆ ಎಂದು ಹೇಳಿ, ಬೀದಿಯ ತಿರುವಿನ ತನಕ ಹೋಗಿ ಕಳಿಸಿ ಬಂದಿದ್ದಳು. ಸುಳ್ಳು ಹೇಳುತ್ತಿದ್ದೇನೆ ಅಂತ ಅವಳಿಗೆ ಒಂದು ಸಲವೂ ಅನಿಸಿರಲಿಲ್ಲ. ಅವರು ಹೇಳಿದ್ದನ್ನೆಲ್ಲ ತಾನು ಕೇಳಿಸಿಕೊಂಡಿದ್ದಳು, ತಾನು ಹೇಳುವುದನ್ನು ಅವರು ಕೇಳಿಸಿಕೊಂಡು ಹೋಗಲಿ.

ನಾಲ್ಕನೆಯ ಗಡಿಯಾರವನ್ನು ಕಂಕುಳಲ್ಲಿ ಇಟ್ಟುಕೊಂಡು ಮೌನೇಶ ಆ ಅಂಗಳಕ್ಕೆ ಕಾಲಿಟ್ಟದ್ದು ಮೇ ತಿಂಗಳ ಕೊನೆಯ ಗುರುವಾರ, ಬೆಳಿಗ್ಗೆ. ಇಪ್ಪತ್ತೆಂಟರ ಮೌನೇಶ ಜಹೀರಾಬಾದಿನ ನವಶಿಖರ ಪದವಿ ಕಾಲೇಜಿನಲ್ಲಿ ಕೆಮಿಸ್ಟ್ರಿ ಲೆಕ್ಚರರ್. ಆದರೆ ಏಪ್ರಿಲಿನಿಂದ ಜೂನ್ ತನಕ ಆ ಕಾಲೇಜಿನಲ್ಲಿ ಕೆಮಿಸ್ಟ್ರಿಯವರು, ಇತಿಹಾಸದವರು ಎಂಬ ಭೇದವಿಲ್ಲ. ಎಲ್ಲರೂ ಗಾಡಿ ಹತ್ತಿ ಹಳ್ಳಿ ಹಳ್ಳಿ ತಿರುಗಿ ಹುಡುಗರನ್ನು ಒಪ್ಪಿಸಿ ತರಬೇಕು, ತಲೆಗೆ ಹತ್ತು ಅಡ್ಮಿಶನ್. ಹತ್ತು ತಂದವರಿಗೆ ಜೂನಿನಲ್ಲಿ ಮುಂದಿನ ವರ್ಷದ ನೌಕರಿಯ ಆರ್ಡರ್ ಸಿಗುತ್ತದೆ, ತರದವರಿಗೆ ಬೀಳ್ಕೊಡುಗೆಯ ಒಂದು ಹೂವಿನ ಹಾರ ಮತ್ತು ಗ್ರೂಪ್ ಫೋಟೊ. ಮೌನೇಶನಿಗೆ ಒಂಬತ್ತು ಆಗಿದ್ದವು. ಹತ್ತನೆಯದು ಶನಿವಾರದೊಳಗೆ ಆಗಬೇಕಿತ್ತು.

ಅವನಿಗೆ ಹಾರದ ಮೇಲೆ ಆಸೆಯಿರಲಿಲ್ಲ. ಪಾಠ ಹೇಳುವುದೆಂದರೆ ಅವನಿಗೆ ಪ್ರಾಣ. ಕರಿಹಲಗೆಯ ಮೇಲೆ ಒಂದು ಸೂತ್ರ ಬರೆದು ಹಿಂದಿರುಗಿ ನೋಡಿದಾಗ ಕೊನೆಯ ಬೆಂಚಿನ ಒಬ್ಬನಿಗಾದರೂ ಅರ್ಥವಾಗಿರುವುದು ಮುಖದಲ್ಲಿ ಕಂಡರೆ, ಆ ದಿನ ಅವನು ಮನೆಗೆ ಸಿಳ್ಳೆ ಹಾಕುತ್ತ ಹೋಗುತ್ತಿದ್ದ. ಆ ಸಿಳ್ಳೆಗಾಗಿಯೇ ಬೇಸಿಗೆಯ ಮೂರು ತಿಂಗಳು ಬಾಯಿಗೆ ಬಂದದ್ದನ್ನು ಮಾತಾಡುತ್ತಿದ್ದ. ನಲವತ್ತೈದು ಜನ ಲೆಕ್ಚರರು, ಎಸಿ ಲ್ಯಾಬು, ಓದು ಮುಗಿದ ಕೂಡಲೇ ನೌಕರಿ ಎಂದು ಕರಪತ್ರದಲ್ಲಿ ಏನೇನು ಅಚ್ಚಾಗಿತ್ತೋ ಅದನ್ನು ಕಣ್ಣು ಮಿಟುಕಿಸದೆ ಒಪ್ಪಿಸುತ್ತಿದ್ದ. ಮೊದಲ ವರ್ಷ ನಾಲಗೆ ತೊದಲಿತ್ತು. ಇದು ನಾಲ್ಕನೆಯ ವರ್ಷ, ನಾಲಗೆ ಪಳಗಿತ್ತು.

ಈ ಕೆಲಸಕ್ಕೆ ಒಂದು ಕೀಲಿಕೈ ಇದೆ. ಪದವಿಗೆ ಸೇರುವ ಅರ್ಜಿಯನ್ನು ಈಗ ಸರಕಾರದ ಆನ್‌ಲೈನಿನಲ್ಲೇ ಹಾಕಬೇಕು, ಆಗ ಆಧಾರಿಗೆ ಜೋಡಿಸಿದ ಫೋನಿಗೆ ಒಂದು ಒಟಿಪಿ ಬರುತ್ತದೆ. ಆ ಅಂಕಿಗಳು ಯಾರಿಗೆ ಸಿಕ್ಕವೋ ಅವರು ಹುಡುಗಿಯ ಹೆಸರಿನ ಮುಂದೆ ತಮ್ಮ ಕಾಲೇಜನ್ನೇ ಮೊದಲು ಬರೆದು ಗುಂಡಿ ಒತ್ತಿಬಿಡುತ್ತಾರೆ. ಗಡಿಯಾರ, ಬ್ಯಾಗು, ಕೊಡೆ ಎಲ್ಲವೂ ಆ ಅಂಕಿಗಳಿಗಾಗಿ. ಮೌನೇಶನ ಫೋನಿನಲ್ಲಿ ಅರ್ಜಿ ಯಾವಾಗಲೂ ತೆರೆದೇ ಇರುತ್ತಿತ್ತು.

ಅಮೃತಬಾಯಿ ಗಡಿಯಾರವನ್ನು ತಿರುಗಿಸಿ ನೋಡಿದಳು. ಮುಳ್ಳುಗಳ ಹಿಂದೆ ನವಶಿಖರದ ಕರೆಸ್ಪಾಂಡೆಂಟ್, ಅಂದರೆ ಕಾಲೇಜಿನ ಮಾಲೀಕ, ಧರ್ಮಣ್ಣನ ಫೋಟೊ ನಗುತ್ತಿತ್ತು.

"ಗಡಿಯಾರ ಭಾಳ ಆಗ್ಯಾವರಿ ಸರ್," ಎಂದಳು. "ನಿಮ್ಮ ಕಾಲೇಜಿನಾಗ ಮಿಕ್ಸರ್ ಕೊಡಲ್ಲೇನ್ರಿ?"

ಮೌನೇಶ ನಕ್ಕು, ಕಾಲೇಜಿನ ಬಸ್ಸು ನಿಮ್ಮ ಊರ ಬಾಗಿಲ ತನಕ ಬರುತ್ತದೆ, ಮಿಕ್ಸರಿಗಿಂತ ಅದು ದೊಡ್ಡದು ಎಂದ. ಬಸ್ಸಿನ ಮಾತು ಅವಳಿಗೆ ಹಿಡಿಸಿತು. ಆದರೆ ಫೋನು ಕೇಳಿದಾಗ ಅವಳು ಎಲ್ಲರಿಗೂ ಹೇಳಿದ್ದನ್ನೇ ಹೇಳಿದಳು. ಆಧಾರಿನ ಫೋನು ಮಾವನ ಕಿಸೆಯಲ್ಲಿದೆ, ಮಾವ ಕುರಿಗಳ ಜೊತೆ ಇದ್ದಾರೆ, ಕುರಿಗಳು ಊರಾಚೆಯ ಹೊಲದಲ್ಲಿವೆ. ಗೊಬ್ಬರಕ್ಕೆಂದು ಅಲ್ಲಿ ಹದಿನೈದು ದಿನದಿಂದ ಕುರಿ ನಿಲ್ಲಿಸಿದ್ದಾರೆ, ಬೇಕಾದರೆ ಹುಡುಗಿ ಈಗ ಬುತ್ತಿ ಒಯ್ಯುತ್ತಾಳೆ, ಜೊತೆಗೆ ಹೋಗಿ.

ಬುತ್ತಿ ಕಟ್ಟಿಕೊಂಡು ಮನಿಷಾ ಹೊರಬಂದಳು. ಒಂದು ಕೈಯಲ್ಲಿ ರೊಟ್ಟಿ, ಪುಂಡಿ ಪಲ್ಯದ ಗಂಟು, ಇನ್ನೊಂದು ಕೈಯಲ್ಲಿ ನವಶಿಖರದ ಕರಪತ್ರ. ಕರಪತ್ರದ ಮೇಲೆ ಮೌನೇಶನದೇ ಫೋಟೊ ಇತ್ತು. ಬಿಳಿ ಕೋಟು ಹಾಕಿಕೊಂಡು, ಬ್ಯುರೆಟ್ಟನ್ನು, ಅಂದರೆ ಹನಿಹನಿಯಾಗಿ ದ್ರಾವಣ ಬಿಡುವ ಆ ಉದ್ದನೆಯ ಗಾಜಿನ ಕೊಳವೆಯನ್ನು, ಕಣ್ಣಿನ ಮಟ್ಟಕ್ಕೆ ಹಿಡಿದು ನಿಂತಿದ್ದ. ಕೋಟು ಆಸ್ಪತ್ರೆಯ ಗೆಳೆಯನದು, ಕೊಳವೆಯೊಳಗಿನ ನೀಲಿ ಬಣ್ಣ ಬಟ್ಟೆಗೆ ಹಾಕುವ ನೀಲಿಯದು.

ದಾರಿಯಲ್ಲಿ ಸ್ವಲ್ಪ ದೂರ ಸುಮ್ಮನೆ ನಡೆದು ಅವಳು ಕೇಳಿದಳು, "ಸರ್, ಈ ಬ್ಯುರೆಟ್ಟಿಗಿ ಕೆಳಗ ನಳಾನೇ ಇಲ್ಲಲ್ರಿ?"

ಮೌನೇಶ ಗಾಡಿಯನ್ನು ತಳ್ಳಿಕೊಂಡು ಬರುತ್ತಿದ್ದವನು ಒಂದು ಹೆಜ್ಜೆ ತಪ್ಪಿದ. ಫೋಟೊ ತೆಗೆದವನು ಹತ್ತಿರದಿಂದ ತೆಗೆದಿದ್ದಾನೆ, ನಳ ಫೋಟೊದ ಹೊರಗೆ ಉಳಿದಿದೆ ಎಂದ. ನಿಮ್ಮ ಬೆರಳುಗಳು ಕೊಳವೆಯ ತುದಿಯ ಕೆಳಗೂ ಕಾಣುತ್ತವಲ್ಲ ಎಂದಳು ಅವಳು. ಮೌನೇಶ ಹಾಸ್ಟೆಲಿನ ಮಾತು ತೆಗೆದ. ಅವಳು ಕೇಳಿಸಿಕೊಳ್ಳಲಿಲ್ಲ. ಜಹೀರಾಬಾದಿನ ಸರಕಾರಿ ಜೂನಿಯರ್ ಕಾಲೇಜಿನಲ್ಲಿ ಇಂಟರ್ ಓದುವಾಗ ಬ್ಯುರೆಟ್ಟಿನಿಂದ ಒಂದೊಂದೇ ಹನಿ ಬಿಟ್ಟು, ಕೊನೆಯ ಹನಿಗೆ ಇಡೀ ದ್ರಾವಣ ಗುಲಾಬಿ ಬಣ್ಣಕ್ಕೆ ತಿರುಗಿದ್ದನ್ನು ನೋಡಿದ ದಿನದಿಂದ ಅವಳಿಗೆ ಬೇರೆ ಏನೂ ಬೇಡವಾಗಿತ್ತು. ಊರಿನ ಬೋರಿನ ನೀರಿನಲ್ಲಿ ಏನಿದೆ, ಏನಿಲ್ಲ ಎಂದು ತನ್ನ ಕೈಯಾರೆ ಪರೀಕ್ಷೆ ಮಾಡಿ ಹೇಳುವ ಕೆಲಸ ಬೇಕು ಎಂದಳು. ಇಷ್ಟನ್ನು ಹೇಳಿ, ತಾನು ಜಾಸ್ತಿ ಮಾತಾಡಿದೆನೇನೋ ಎಂಬಂತೆ ಬುತ್ತಿಯನ್ನು ಇನ್ನೊಂದು ಕೈಗೆ ಬದಲಿಸಿಕೊಂಡಳು.

ಮೌನೇಶನಿಗೆ ಅವಳು ಬಹಳ ಹಿಡಿಸಿಬಿಟ್ಟಳು. ಇಂಥ ಒಬ್ಬಳು ಕ್ಲಾಸಿನಲ್ಲಿದ್ದರೆ ವರ್ಷವಿಡೀ ಸಿಳ್ಳೆ ಹಾಕಬಹುದು ಎಂದುಕೊಂಡ. ಆಮೇಲೆ, ಇವಳು ನಮ್ಮ ಕಾಲೇಜಿಗೆ ಬಂದರೆ ಲ್ಯಾಬಿನ ಬೀಗ ನೋಡಿ ಏನು ಮಾಡುತ್ತಾಳೆ ಎಂಬುದು ನೆನಪಾಗಿ, ಆ ಯೋಚನೆಯನ್ನು ಶನಿವಾರದ ಆಚೆಗೆ ತಳ್ಳಿದ.

ಹೊಲದ ಬದುವಿನ ಬೇವಿನ ಮರದ ಕೆಳಗೆ ಮನಿಷಾಳ ಅಜ್ಜ ಹಣಮಂತರಾಯ ಕಂಬಳಿ ಹಾಸಿಕೊಂಡು ಕೂತಿದ್ದ. ಎಪ್ಪತ್ತು ದಾಟಿದ ಮುದುಕ, ಹೆಗಲ ಮೇಲೆ ಕೆಂಪು ಅಂಚಿನ ಟವಲು, ಅಂಗಿಯ ಕಿಸೆಯಲ್ಲಿ ಗುಂಡಿಯ ಫೋನು. ಅವನ ಪಕ್ಕದಲ್ಲಿ ಆಗಲೇ ಕಾಶಪ್ಪ ಕೂತಿದ್ದ. ತಾಂಡೂರಿನ ಕಾಲೇಜೊಂದರ ಪರವಾಗಿ ತಿರುಗುವ ಕಾಶಪ್ಪನ ಮನೆಯವರದು ಅಲ್ಲಿ ನೆಲದ ಕಲ್ಲು ಮಾರುವ ಅಂಗಡಿ. ಮಾತಿನಲ್ಲಿ ಅವನು ಆ ಕಲ್ಲಿನಷ್ಟೇ ನುಣುಪು. ಈ ಬೇಸಿಗೆಯಲ್ಲಿ ಮೌನೇಶ ಯಾವ ಅಂಗಳಕ್ಕೆ ಹೋದರೂ ಅಲ್ಲಿ ಕಾಶಪ್ಪನ ಚಹಾದ ಕಪ್ಪು ಬಿಸಿಯಾಗಿಯೇ ಇರುತ್ತಿತ್ತು. ಹಾಗೆಂದು ಅವರಲ್ಲಿ ಹಗೆಯೇನೂ ಇರಲಿಲ್ಲ, ಎರಡು ಸಲ ಬಾಟಲಿಯಲ್ಲಿ ಪೆಟ್ರೋಲು ಹಂಚಿಕೊಂಡಿದ್ದರು.

ಈಗ ಕಾಶಪ್ಪ ತಮ್ಮ ಹಾಸ್ಟೆಲಿನಲ್ಲಿ ವಾರಕ್ಕೆ ಎರಡು ಸಲ ಕೋಳಿ ಮಾಡುತ್ತಾರೆ ಎಂದು ಹೇಳುತ್ತಿದ್ದ. ಅವನ ಬೂಟಿನ ಹತ್ತಿರ ಒಂದು ಕುರಿ ಬಂದರೂ ಕಾಲು ಎತ್ತಿಕೊಳ್ಳುತ್ತಿದ್ದ. ಮೌನೇಶ ಅದನ್ನು ನೋಡಿದ, ತನ್ನ ಹೊತ್ತು ಬಂತು ಎಂದುಕೊಂಡ. ಹಿಂಡಿನೊಳಗೆ ಹೋಗಿ ಒಂದು ಕುರಿಯನ್ನು ಹಿಡಿಯಬೇಕಾದ ರೀತಿಯಲ್ಲಿ ಹಿಡಿದು, ಹೆಬ್ಬೆರಳಿನಿಂದ ತುಟಿ ಸರಿಸಿ, ಎರಡು ಹಲ್ಲಿನದು, ಒಂದೂವರೆ ವರ್ಷ ಆಗಿರಬೇಕು, ಒಳ್ಳೆಯ ಜಾತಿ ಎಂದ. ಹಣಮಂತರಾಯ ಕತ್ತೆತ್ತಿ ನೋಡಿದ.

"ನಾನೂ ಕುರಿಯವರ ಮನಿಯವನೇ, ಮುತ್ಯಾ," ಎಂದ ಮೌನೇಶ. "ಧಾರೂರು ಕಡಿ. ನಮ್ಮಪ್ಪನ ಜೋಡಿ ಎಲ್ಲಾ ಸಂತಿ ತಿರುಗೀನಿ."

ಮುದುಕನ ಮುಖ ಅರಳಿತು, ಕಾಶಪ್ಪನದು ಬಾಡಿತು. ಮೌನೇಶ ಮನಸ್ಸಿನಲ್ಲೇ ಹತ್ತನೆಯ ಹೆಸರನ್ನು ಪಟ್ಟಿಗೆ ಬರೆದುಬಿಟ್ಟ. ಅವನು ಮಾಡಿದ ತಪ್ಪೇನಾದರೂ ಇದ್ದರೆ ಅದು ತಾನು ಕುರಿಯವನೆಂದು ಹೇಳಿಕೊಂಡದ್ದೇ, ಬೇರೆ ಯಾರು ಬಂದಿದ್ದರೂ ಇದನ್ನು ಮಾಡುತ್ತಿರಲಿಲ್ಲ.

ಹಣಮಂತರಾಯ ಹೆಗಲಿನಿಂದ ಟವಲು ತೆಗೆದು ಕೊಡವಿದ. "ಹಂಗಾದ್ರ ನಿಮಗ ಟವಲು ಗೊತ್ತದ. ಇಷ್ಟು ದಿನ ಬಂದವರಿಗಿ ಬರೇ ಬಾಯಿ ಇತ್ತು. ಹುಡುಗಿ ನಮ್ಮದು, ವ್ಯಾಪಾರ ಸಂತಿ ಪದ್ಧತೀಲೇ ಆಗ್ಲಿ."

ಕುರಿ ಸಂತೆಯಲ್ಲಿ ದರ ಕೂಗುವುದಿಲ್ಲ. ಮಾರುವವನು, ಕೊಳ್ಳುವವನು ಟವಲಿನ ಕೆಳಗೆ ಕೈ ಹಿಡಿದು ಬೆರಳಿನಲ್ಲೇ ಮಾತಾಡುತ್ತಾರೆ. ಒಂದು ಬೆರಳು ಹಿಡಿದರೆ ಒಂದು, ಐದೂ ಹಿಡಿದರೆ ಐದು, ಪಕ್ಕದಲ್ಲಿ ನಿಂತವನಿಗೂ ಗೊತ್ತಾಗುವುದಿಲ್ಲ. ಇಬ್ಬರ ನಡುವೆ ದಲ್ಲಾಳಿ ಇದ್ದರೆ ಅವನು ಒಂದು ಕಡೆಯ ಬೆರಳನ್ನು ಇನ್ನೊಂದು ಕಡೆಗೆ ಮುಟ್ಟಿಸುತ್ತಾನೆ. ಮೇಲೆ ಬಾಯಿ ಏನು ಬೇಕಾದರೂ ಹೇಳಬಹುದು, ಈ ಕುರಿ ಆನೆಯ ತೂಕ ಇದೆ ಎಂದರೂ ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ. ಆದರೆ ಟವಲಿನ ಕೆಳಗೆ ಕೊಟ್ಟದ್ದನ್ನು ಯಾರೂ ತಿರುಗಿಸುವುದಿಲ್ಲ. ಮೌನೇಶ ಹತ್ತು ವರ್ಷದವನಿದ್ದಾಗ ಆಟಕ್ಕೆಂದು ಒಬ್ಬ ಗಿರಾಕಿಗೆ ಸುಳ್ಳು ಬೆರಳು ಕೊಟ್ಟಿದ್ದ. ಅವನಪ್ಪ ಹೊಡೆಯಲಿಲ್ಲ, ಬೈಯಲಿಲ್ಲ. ಒಂದು ತಿಂಗಳು ಅವನನ್ನು ಸಂತೆಗೆ ಕರೆದುಕೊಂಡೇ ಹೋಗಲಿಲ್ಲ, ಯಾರಾದರೂ ಕೇಳಿದರೆ ಅವನ ಕೈಗೆ ಜ್ವರ ಬಂದಿದೆ ಎನ್ನುತ್ತಿದ್ದ.

ಆ ಒಂದು ತಿಂಗಳು ಈಗ ಬೇವಿನ ಮರದ ಕೆಳಗೆ ನೆನಪಾಗಿ ಮೌನೇಶನ ಅಂಗೈ ಬೆವರಿತು.

ಹಣಮಂತರಾಯ ನಡುವೆ ಕೂತ. ಕೇಳುವವಳು ಮನಿಷಾ, ಬೆರಳು ಕೊಡುವವರು ಇವರು, ದಲ್ಲಾಳಿ ತಾನು ಎಂದು ನಿಯಮ ಹೇಳಿದ. ಮನಿಷಾ ಮೂರು ಪ್ರಶ್ನೆಗಳನ್ನು ಬಾಯಿಬಿಟ್ಟು ಕೇಳಿದಳು. ಕೆಮಿಸ್ಟ್ರಿ ಹೇಳುವವರು ಎಷ್ಟು ಮಂದಿ? ಬ್ಯುರೆಟ್ಟು ಎಷ್ಟು? ವಾರದಲ್ಲಿ ಎಷ್ಟು ದಿನ ಲ್ಯಾಬಿಗೆ ಬಿಡುತ್ತಾರೆ?

ಕಾಶಪ್ಪ ಮೊದಲು ಕೈ ಕೊಟ್ಟ. ಅವನಿಗೆ ಇದೊಂದು ತಮಾಷೆ. ಟವಲಿನ ಕೆಳಗೆ ಮೂರು ಸಲ ಚಟಪಟ ಏನೋ ಒತ್ತಿ ಅರ್ಧ ನಿಮಿಷದಲ್ಲಿ ಮುಗಿಸಿದ. ಮುದುಕನ ಮುಖದಲ್ಲಿ ಒಂದು ಗೆರೆಯೂ ಕದಲಲಿಲ್ಲ. ಅವನು ಟವಲನ್ನು ಎಡಕ್ಕೆ ಸರಿಸಿ ಮೊಮ್ಮಗಳ ಕೈ ಹಿಡಿದು ಅದನ್ನೇ ದಾಟಿಸಿದ. ಮೂರನೆಯದಕ್ಕೆ ಅವಳು ತುಟಿ ಕಚ್ಚಿಕೊಂಡಳು.

"ಕಾಶಪ್ಪ ಸರ್," ಎಂದಳು, "ನಿಮ್ಮ ಕಡಿ ವಾರ ಭಾಳ ಉದ್ದ ಅದ."

ಮೌನೇಶನ ಸರದಿ ಬಂತು. ಅವನ ತಲೆಯಲ್ಲಿ ಎಲ್ಲ ಸಿದ್ಧವಿತ್ತು. ಲೆಕ್ಚರರು ನಾಲ್ವರು, ಬ್ಯುರೆಟ್ಟು ಹತ್ತು, ವಾರಕ್ಕೆ ಮೂರು ದಿನ. ಕಾಶಪ್ಪನ ಉತ್ಸಾಹ ನೋಡಿದ ಮೇಲೆ ಇದು ಬಹಳ ಮರ್ಯಾದೆಯ ಸುಳ್ಳು ಅಂತಲೂ ಅನಿಸಿತ್ತು. ಬಲಗೈಯನ್ನು ಟವಲಿನ ಕೆಳಗೆ ಇಟ್ಟ. ಹಣಮಂತರಾಯನ ಕೈ ಅದನ್ನು ಹಿಡಿದುಕೊಂಡಿತು, ಒರಟು, ಒಣ, ಉಣ್ಣೆಯ ಜಿಡ್ಡಿನ ಕೈ. ಅವನಪ್ಪನದೂ ಹೀಗೇ ಇತ್ತು.

ಮೊದಲ ಪ್ರಶ್ನೆಗೆ ಅವನ ಕೈ ಒಂದು ಬೆರಳು ಕೊಟ್ಟಿತು. ಮೌನೇಶ ಗಾಬರಿಯಾದ. ಆ ಒಂದೂ ತಾನೇ, ಅದರ ಮೇಲೆ ಫಿಸಿಕ್ಸೂ ಪರಿಸರದ ಪಾಠವೂ ತನ್ನದೇ. ಇರಲಿ, ಮುಂದಿನದರಲ್ಲಿ ಸರಿಮಾಡಿದರಾಯಿತು ಎಂದುಕೊಂಡ. ಎರಡನೆಯದಕ್ಕೂ ಒಂದೇ ಬೆರಳು ಹೋಯಿತು, ಅಷ್ಟು ಸಾಲದೆಂಬಂತೆ ಆ ಬೆರಳು ತಾನಾಗಿಯೇ ಅರ್ಧಕ್ಕೆ ಮಡಚಿಕೊಂಡಿತು. ಮುದುಕನಿಗೆ ತಿಳಿಯಲಿಲ್ಲ, ಒತ್ತಿ ಮತ್ತೆ ಕೇಳಿದ. ಬೆರಳು ಮತ್ತೆ ಅರ್ಧಕ್ಕೆ ಮಡಚಿತು. ಕಾಲೇಜಿನ ಒಂದೇ ಒಂದು ಬ್ಯುರೆಟ್ಟು ನಳ ಮುರಿದುಕೊಂಡು ಎರಡು ವರ್ಷವಾಗಿತ್ತು, ಅದು ಫೋಟೊಗೆ ಮಾತ್ರ ಹೊರಬರುತ್ತಿತ್ತು. ಮೂರನೆಯ ಪ್ರಶ್ನೆಗೆ ಮೌನೇಶ ಬೆರಳುಗಳನ್ನು ಒಟ್ಟು ಮಾಡಲು ಶಕ್ತಿಮೀರಿ ನೋಡಿದ. ಅಂಗೈ ಬಿಚ್ಚಿಕೊಂಡು ಸುಮ್ಮನೆ ಮಲಗಿತು, ಒಂದು ಬೆರಳೂ ಏಳಲಿಲ್ಲ.

ಹಣಮಂತರಾಯ ಆ ಬರಿಗೈಯನ್ನು ಸ್ವಲ್ಪ ಹೊತ್ತು ಹಾಗೇ ಹಿಡಿದುಕೊಂಡಿದ್ದ. ಆಮೇಲೆ ಟವಲು ಎಡಕ್ಕೆ ಸರಿಯಿತು. ಮನಿಷಾ ಮೊದಲ ಬೆರಳಿಗೆ ತಲೆಯಾಡಿಸಿದಳು, ಎರಡನೆಯದಕ್ಕೆ ಕರಪತ್ರದ ಕಡೆ ನೋಡಿದಳು, ಮೂರನೆಯದಕ್ಕೆ ಮೌನೇಶನ ಮುಖ ನೋಡಿದಳು. ಅವನು ಕುರಿಗಳನ್ನು ಎಣಿಸುವವನಂತೆ ಆ ಕಡೆ ತಿರುಗಿದ. ಜೀವನದಲ್ಲಿ ಅಷ್ಟು ನಾಚಿಕೆ ಅವನಿಗೆ ಆಗಿರಲಿಲ್ಲ.

"ಸರ್," ಎಂದಳು ಅವಳು, "ಇನ್ನೊಂದು ಕೇಳ್ತೀನ್ರಿ. ಜಹೀರಾಬಾದಿನ ಸರಕಾರಿ ಡಿಗ್ರಿ ಕಾಲೇಜಿನ ಲ್ಯಾಬು ನೋಡೀರೇನು?"

ನೋಡದೆ ಏನು. ಅವನು ಓದಿದ್ದೇ ಅಲ್ಲಿ. ಅದೂ ಅಲ್ಲದೆ ಪ್ರತಿ ವರ್ಷ ಪ್ರಾಕ್ಟಿಕಲ್ ಪರೀಕ್ಷೆ ಬಂದಾಗ ನವಶಿಖರದ ಹುಡುಗರನ್ನು ಆಟೋದಲ್ಲಿ ತುಂಬಿಕೊಂಡು ಆ ಲ್ಯಾಬಿಗೇ ಕರೆದೊಯ್ಯುತ್ತಿದ್ದ. ಅವರಲ್ಲಿ ಬಹಳ ಜನ ಬ್ಯುರೆಟ್ಟನ್ನು ಮೊದಲ ಸಲ ನೋಡುವುದು ಅದರ ಮೇಲೆ ಪರೀಕ್ಷೆ ಬರೆಯುವ ದಿನ. ಹೋದ ವರ್ಷ ಒಬ್ಬ ಹುಡುಗ, ಸರ್ ಇದನ್ನು ಯಾವ ಕಡೆಯಿಂದ ಹಿಡಿಯಬೇಕು ಎಂದು ಕಿವಿಯಲ್ಲಿ ಕೇಳಿದ್ದ. ಮೌನೇಶ ಅದನ್ನು ಸ್ಟಾಫ್ ರೂಮಿನಲ್ಲಿ ಜೋಕಾಗಿ ಹೇಳಿ ಎಲ್ಲರನ್ನೂ ನಗಿಸಿದ್ದ.

ಹಣಮಂತರಾಯ ಟವಲನ್ನು ಮತ್ತೆ ಬಲಕ್ಕೆ ತಂದ. ಈ ಸಲ ಮೌನೇಶ ಕೈಯ ಜೊತೆ ಜಗಳಕ್ಕೆ ಹೋಗಲಿಲ್ಲ. ಅದೇ ಮೂರು ಪ್ರಶ್ನೆಗೆ ಸರಕಾರಿ ಕಾಲೇಜಿನ ಲೆಕ್ಕವನ್ನು ತನಗೆ ಗೊತ್ತಿದ್ದಷ್ಟು ಬೆರಳಿನಲ್ಲಿ ಕೊಟ್ಟ. ಕೆಮಿಸ್ಟ್ರಿಗೆ ಮೂವರು. ಬ್ಯುರೆಟ್ಟಿಗೆ ಐದರ ಮೇಲೆ ಐದು, ಅದರ ಮೇಲೆ ಇನ್ನೂ ಐದು. ವಾರಕ್ಕೆ ಎರಡು ದಿನ. ಕೊಡುತ್ತ ಕೊಡುತ್ತ ಹತ್ತನೆಯ ಅಡ್ಮಿಶನ್ ಅವನ ಬೆರಳುಗಳ ಸಂದಿನಿಂದಲೇ ಜಾರಿ ಹೋಗುತ್ತಿರುವುದು ಅವನಿಗೆ ತಿಳಿಯುತ್ತಿತ್ತು. ವಿಚಿತ್ರವೆಂದರೆ ಕೈ ಬೆವರುವುದು ನಿಂತಿತ್ತು.

ಮನಿಷಾ ಬೆರಳುಗಳನ್ನು ತೆಗೆದುಕೊಂಡು ಎದ್ದು ನಿಂತಳು. ನಿಮ್ಮ ಫೋನಿನಲ್ಲಿ ಅರ್ಜಿ ತೆರೆದೇ ಇರುತ್ತದಲ್ಲ ಸರ್, ಸ್ವಲ್ಪ ಕೊಡಿ ಎಂದಳು. ಕೊಡದಿರಲು ಅವನ ಬಳಿ ಕಾರಣವೇ ಇರಲಿಲ್ಲ. ಅವಳು ತನ್ನ ಹೆಸರು, ನಂಬರು ಹಾಕಿದಳು. ಮುತ್ಯಾನ ಕಿಸೆಯಲ್ಲಿ ಫೋನು ಟಿಣ್ ಎಂದಿತು. ಇಷ್ಟು ದಿನ ಗಡಿಯಾರ, ಬ್ಯಾಗು, ಕೋಳಿಯೂಟ ಎಲ್ಲವೂ ಯಾವುದರ ಬೆನ್ನು ಹತ್ತಿದ್ದವೋ ಆ ಅಂಕಿಗಳನ್ನು ಅವಳು ತಾನೇ ಓದಿ, ತಾನೇ ಒತ್ತಿ, ಮೊದಲ ಸಾಲಿನಲ್ಲಿ ಸರಕಾರಿ ಕಾಲೇಜನ್ನು ಹಾಕಿದಳು. ಎರಡನೆಯ ಸಾಲನ್ನು ಹಾಗೇ ಖಾಲಿ ಬಿಟ್ಟು ಮುಗಿಸಿ, ಥ್ಯಾಂಕ್ಸ್ ಸರ್ ಎಂದು ಫೋನನ್ನು ಎರಡೂ ಕೈಯಲ್ಲಿ ಹಿಂದಿರುಗಿಸಿದಳು.

ಕಾಶಪ್ಪ ಇದೇನಾಯಿತು ಎಂದು ಕೇಳಿದ. ಟವಲಿನ ಕೆಳಗಿನದು ಹೊರಗೆ ಹೇಳುವಂತಿಲ್ಲ ಎಂದ ಹಣಮಂತರಾಯ, ರೊಟ್ಟಿ ಬಿಚ್ಚಿ ಇಬ್ಬರಿಗೂ ಕೊಟ್ಟ. ಇಬ್ಬರೂ ತಿಂದರು, ಪುಂಡಿ ಪಲ್ಯ ಚೆನ್ನಾಗಿತ್ತು. ಹೊರಟು ನಿಂತಾಗ ಮುದುಕ ಟವಲನ್ನು ಮಡಚಿ ಮೌನೇಶನ ಹೆಗಲಿಗೆ ಹಾಕಿದ.

"ಇಟ್ಕೊ ತಮ್ಮಾ. ನಿಮ್ಮಪ್ಪ ಕೈ ಚಲೋ ಕಲಿಸ್ಯಾನ."

ಮೌನೇಶ ಟವಲಿನ ಅಂಚನ್ನು ಸರಿಮಾಡಿಕೊಂಡ. ಗಾಡಿ ಚಾಲು ಮಾಡುವ ನೆಪದಲ್ಲಿ ಬಗ್ಗಿದ.

ದೊಡ್ಡ ರಸ್ತೆ ಮುಟ್ಟಿದ ಮೇಲೆ ಕಾಶಪ್ಪ ತಡೆಯಲಾರದೆ ತನ್ನ ಗುಟ್ಟು ಬಿಚ್ಚಿದ. ತಾನು ಮೂರಕ್ಕೂ ಹತ್ತತ್ತು ಕೊಟ್ಟಿದ್ದೆ, ಆದರೂ ಹುಡುಗಿ ಯಾಕೆ ಒಪ್ಪಲಿಲ್ಲ ಎಂದ. ವಾರಕ್ಕೆ ಹತ್ತು ದಿನ ಲ್ಯಾಬು ನಡೆಸುವ ಕಾಲೇಜು ತಾಂಡೂರಿನಲ್ಲಿ ಎಲ್ಲಿದೆ ಎಂದು ಮೌನೇಶ ಕೇಳಿದ. ಕಾಶಪ್ಪ ಲೆಕ್ಕ ಹಾಕಿ, ನಾಲಗೆ ಕಚ್ಚಿಕೊಂಡು, ಗಾಡಿ ನಿಲ್ಲಿಸಿ ನಕ್ಕ. ನಿನ್ನದೆಷ್ಟು ಎಂದು ಎಷ್ಟು ಕಾಡಿದರೂ ಮೌನೇಶ ಬಾಯಿಬಿಡಲಿಲ್ಲ.

ಶುಕ್ರವಾರ ಅವನು ಹೊಸ ಊರಿಗೆ ಹೋಗಲಿಲ್ಲ. ಹೋಗಬಹುದಿತ್ತು, ನ್ಯಾಲ್ಕಲ್ ಕಡೆ ಇನ್ನೂ ಎರಡು ಮನೆಗಳ ವಿಳಾಸ ಕಿಸೆಯಲ್ಲಿತ್ತು. ಮನೆಯಲ್ಲಿ ಕೂತು ತಾನು ತಂದ ಒಂಬತ್ತು ಹೆಸರುಗಳ ಪಟ್ಟಿ ನೋಡಿದ. ಆ ಒಂಬತ್ತೂ ಬಾಯಿಯಿಂದ ತಂದವು, ಒಂದಕ್ಕೂ ಕೈ ಕೊಟ್ಟಿರಲಿಲ್ಲ. ಒಂಬತ್ತು ಮಕ್ಕಳು ಮೂರು ವರ್ಷ ಹಲಗೆಯ ಮೇಲಿನ ಬ್ಯುರೆಟ್ಟಿನ ಚಿತ್ರ ನೋಡಿ, ಪರೀಕ್ಷೆಯ ದಿನ ಯಾವ ಕಡೆಯಿಂದ ಹಿಡಿಯಬೇಕು ಎಂದು ತನ್ನ ಕಿವಿಯಲ್ಲಿ ಕೇಳುತ್ತಾರೆ. ಹೋದ ವರ್ಷ ಆ ಮಾತಿಗೆ ನಕ್ಕದ್ದು ನೆನಪಾಗಿ ಅವನಿಗೆ ತನ್ನ ಮೇಲೆಯೇ ಸಿಟ್ಟು ಬಂತು.

ಶನಿವಾರ ಧರ್ಮಣ್ಣನ ಕೋಣೆಗೆ ಹೋಗುವಾಗ ಹೆಗಲ ಮೇಲೆ ಕೆಂಪು ಅಂಚಿನ ಟವಲು ಇತ್ತು. ಧರ್ಮಣ್ಣ ಎಂದರೆ ಗಡಿಯಾರದೊಳಗಿನ ಫೋಟೊ ಅಷ್ಟೇ ಅಲ್ಲ. ಕಾಲೇಜು ತೆಗೆಯುವ ಮೊದಲು ಇಪ್ಪತ್ತು ವರ್ಷ ಎತ್ತಿನ ಸಂತೆಯಲ್ಲಿ ದಲ್ಲಾಳಿಯಾಗಿದ್ದವನು. ಈಗ ಬಿಳಿ ಅಂಗಿ, ಸುಗಂಧದೆಣ್ಣೆ, ಎರಡು ಉಂಗುರ. ಸಂತೆಯ ಮಾತು ಯಾರಾದರೂ ತೆಗೆದರೆ ಇಂಗ್ಲಿಷಿನಲ್ಲಿ ಬೇರೆ ವಿಷಯಕ್ಕೆ ಹೋಗಿಬಿಡುತ್ತಿದ್ದ.

ಎಷ್ಟಾಯಿತು ಎಂದು ಕೇಳಿದ. ಒಂಬತ್ತು ಎಂದ ಮೌನೇಶ. ಹತ್ತನೆಯದು ಬರುತ್ತಿತ್ತು, ಬ್ಯುರೆಟ್ಟು ಎಷ್ಟು ಎಂದು ಕೇಳಿತು, ಹೋಯಿತು. ಧರ್ಮಣ್ಣ ಕುರ್ಚಿಗೆ ಒರಗಿ, ಬ್ಯುರೆಟ್ಟಿಗೇನು, ಈ ವರ್ಷ ಇಪ್ಪತ್ತು ತರಿಸುತ್ತೇನೆ, ಇಡೀ ಜಿಲ್ಲೆಯಲ್ಲಿ ಇಲ್ಲದಂಥ ಲ್ಯಾಬು ಮಾಡುತ್ತೇನೆ ಎಂದ. ಹೋದ ವರ್ಷವೂ ಇದನ್ನೇ ಹೇಳಿದ್ದ, ಆಗ ಮೂವತ್ತು ಎಂದಿದ್ದ. ಆಮೇಲೆ, ಹೂವಿನ ಹಾರಕ್ಕೆ ಹೇಳಿಕಳಿಸಲೇ ಎಂದು ನಗುತ್ತ ಬಲಗೈಯನ್ನು ಮೇಜಿನ ಮೇಲೆ ಇಟ್ಟ.

ಮೌನೇಶ ಹೆಗಲಿನಿಂದ ಟವಲು ತೆಗೆದು ಆ ಕೈಯ ಮೇಲೆ ಹಾಸಿದ. ತನ್ನ ಕೈಯನ್ನು ಅದರ ಕೆಳಗೆ ತಂದ.

"ಈಗ ಹೇಳ್ರಿ," ಎಂದ. "ಜುಲೈದಾಗ ಬ್ಯುರೆಟ್ ಎಷ್ಟು ಬರ್ತಾವ?"

ಕೋಣೆಯಲ್ಲಿ ಉಣ್ಣೆಯ ವಾಸನೆ ಹರಡಿತು. ಧರ್ಮಣ್ಣ ಬಾಗಿಲ ಕಡೆ ನೋಡಿದ, ಯಾರೂ ಇರಲಿಲ್ಲ. ಕೈ ಹಿಂದಕ್ಕೆ ಎಳೆದುಕೊಳ್ಳುತ್ತಾನೆ ಎಂದು ಮೌನೇಶ ಕಾದ, ಎಳೆದುಕೊಂಡರೆ ಹಾರ ಹಾಕಿಸಿಕೊಂಡು ಹೋಗುವುದೆಂದು ನಿಶ್ಚಯ ಮಾಡಿಯೇ ಬಂದಿದ್ದ. ಆದರೆ ಇಪ್ಪತ್ತು ವರ್ಷ ಟವಲಿನ ಕೆಳಗೆ ದುಡಿದ ಕೈ ಅದು. ಬಿಳಿ ಅಂಗಿಯನ್ನಾಗಲಿ ಉಂಗುರಗಳನ್ನಾಗಲಿ ಕೇಳದೆ ನಿಧಾನಕ್ಕೆ ಮಗುಚಿಕೊಂಡಿತು. ಸ್ವಲ್ಪ ಯೋಚಿಸಿತು. ಆಮೇಲೆ ಬೆರಳು ಕೊಟ್ಟಿತು. ಇಪ್ಪತ್ತಲ್ಲ, ಅದರ ಹತ್ತಿರವೂ ಅಲ್ಲ. ಎಷ್ಟು ಎಂಬುದು ಆ ಟವಲಿನ ಕೆಳಗೇ ಉಳಿಯಿತು.

ಧರ್ಮಣ್ಣ ಟವಲನ್ನು ತಾನೇ ಮಡಚಿ ಮೌನೇಶನಿಗೆ ಕೊಟ್ಟ. ಬಹಳ ದಿನದ ಮೇಲೆ ಊರಿಗೆ ಹೋಗಿ ಬಂದವನ ಮುಖವಿತ್ತು ಅವನದು.

"ನಿನ್ನ ಆರ್ಡರ್ ಕೇಳಲಿಲ್ಲಲ್ಲ," ಎಂದ.

"ಅದು ಬಾಯಿಲೇ ಹೇಳ್ರಿ, ನಡೀತದ."

ಮೂರು ವಿಷಯ ಒಬ್ಬನೇ ಹೇಳುವ ಲೆಕ್ಚರರ್ ಇನ್ನೊಬ್ಬ ಎಲ್ಲಿ ಸಿಗುತ್ತಾನೆ ಎಂಬುದನ್ನು ಧರ್ಮಣ್ಣ ಆಗಲೇ ಎಣಿಸಿ ಮುಗಿಸಿದ್ದ. ಮುಂದಿನ ವರ್ಷ ನಿನಗೆ ಹನ್ನೆರಡು ಅಡ್ಮಿಶನ್ ಎಂದು ಗದರಿಸಿ, ಗಂಟೆ ಒತ್ತಿ, ಚಹಾ ತರಿಸಿದ.

ಜುಲೈ ಎರಡನೆಯ ವಾರ ಒಂದು ಪೆಟ್ಟಿಗೆ ಬಂತು. ಹುಲ್ಲಿನ ನಡುವೆ ಕಾಗದ ಸುತ್ತಿದ್ದ ಕೊಳವೆಗಳು, ಒಂದೊಂದಕ್ಕೂ ನಳ. ಮೌನೇಶ ಲ್ಯಾಬಿನ ಬೀಗ ತೆಗೆಸಿ, ಎರಡು ದಿನ ಧೂಳು ಹೊಡೆದು, ಒಂಬತ್ತು ಮಕ್ಕಳನ್ನೂ ಅವರ ಜೊತೆಯವರನ್ನೂ ಸರದಿಯಲ್ಲಿ ನಿಲ್ಲಿಸಿದ. ಕೊನೆಯ ಹನಿಗೆ ದ್ರಾವಣ ಗುಲಾಬಿಯಾದಾಗ ನ್ಯಾಲ್ಕಲ್ಲಿನ ಹುಡುಗಿಯೊಬ್ಬಳು, ಸರ್ ನಾನೇನೂ ಮಾಡಿಲ್ಲ, ಅದೇ ಆಯಿತು ಎಂದು ಹೆದರಿದಳು. ಆ ದಿನ ಅವನು ಬಸ್ ಸ್ಟ್ಯಾಂಡಿನ ತನಕ ಸಿಳ್ಳೆ ಹಾಕಿದ.

ಅಲ್ಲಿ ಮೊಗುಡಂಪಲ್ಲಿಯ ಬಸ್ಸು ಹೊರಡಲು ನಿಂತಿತ್ತು. ಸರಕಾರಿ ಕಾಲೇಜಿನಿಂದ ಮನೆಗೆ ಹೊರಟ ಮನಿಷಾ ಕಿಟಕಿಯ ಹತ್ತಿರ ಕೂತಿದ್ದಳು, ತೊಡೆಯ ಮೇಲೆ ಬೇಸಿಗೆಯಲ್ಲಿ ಬಿಟ್ಟಿ ಸಿಕ್ಕ, ತಾಂಡೂರಿನ ಕಾಲೇಜಿನ ಹೆಸರು ಬರೆದ ಬ್ಯಾಗು. ಇವನನ್ನು ನೋಡಿ ಅವಳ ಮುಖದಲ್ಲಿ ತುಂಟತನ ಬಂತು. ಬಸ್ಸಿನ ಗದ್ದಲದಲ್ಲಿ ಮಾತು ಕೇಳಿಸುವಂತಿರಲಿಲ್ಲ. ಅವಳು ಗಾಳಿಯಲ್ಲಿ ಒಂದು ಉದ್ದನೆಯ ಕೊಳವೆ ಬರೆದು, ಅದರ ಕೆಳಗೆ ನಳ ತಿರುಗಿಸಿ ತೋರಿಸಿ, ಎಷ್ಟು ಎಂಬಂತೆ ಕೈ ಅಲ್ಲಾಡಿಸಿದಳು.

ಹೆಗಲ ಮೇಲೆ ಟವಲು ಇತ್ತು. ಮೌನೇಶ ಅದನ್ನು ಮುಟ್ಟಲಿಲ್ಲ. ಚಹಾದ ಅಂಗಡಿಯವರು, ಆಟೋದವರು, ಕಂಡಕ್ಟರು ಎಲ್ಲರ ಎದುರಿಗೆ ಬಲಗೈಯನ್ನು ತಲೆಯ ಮೇಲಕ್ಕೆ ಎತ್ತಿ, ನಾಲ್ಕು ಬೆರಳುಗಳನ್ನು ನೆಟ್ಟಗೆ ತೋರಿಸಿದ.